ವೀಕಮ ದೊಡ್ಡಮ್ಮನ ಕಪ್ಪೆಚಿಪ್ಪಿನ ದಿಬ್ಬ

ವೀಕಮ ದೊಡ್ಡಮ್ಮ ಸುಲಭದ ಹೆಂಗಸಾಗಿರಲಿಲ್ಲ. ನಮ್ಮ ಹೊಳೆ ಮ್ಯಾಸಚೂಸೆಟ್ಸ್ ಕೊಲ್ಲಿಯನ್ನು ಸೇರುವಲ್ಲಿ ಒಂದು ಕೆಸರು ದಿಬ್ಬವಿತ್ತು. ಇಳಿತಕ್ಕೆ ನೀರು ಸರಿದಾಗ ಅಲ್ಲಿ ಕಪ್ಪೆಚಿಪ್ಪು ಅಗೆಯುವ ಹಕ್ಕು ತಾಯಿಯಿಂದ ಅವಳಿಗೆ ಬಂದದ್ದು. ನಮ್ಮವರೇ ಒಂದು ಬುಟ್ಟಿ ಹೆಚ್ಚಿಗೆ ಅಗೆದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಹೊಗೆಯಲ್ಲಿ ಒಣಗಿಸಿಟ್ಟ ಆ ಚಿಪ್ಪಿನ ಮಾಂಸದಿಂದಲೇ ಅವಳ ಮನೆಯ ಚಳಿಗಾಲ ಕಳೆಯಬೇಕಿತ್ತು.

ಹಡಗಿನಲ್ಲಿ ಹೊಸದಾಗಿ ಬಂದ ಇಂಗ್ಲಿಷರು ತಲೆಮಾರುಗಳಿಂದ ನಮ್ಮದಾಗಿದ್ದ ನೆಲದಲ್ಲಿ, ಹೊಳೆಯಾಚೆ ಮನೆ ಕಟ್ಟಿಕೊಂಡರು. ಅವರಲ್ಲಿ ಎಫ್ರಾಯಿಂ ಎಂಬವನು ತನ್ನ ಹಂದಿಗಳನ್ನು ಕಾಡಿಗೆ ಬಿಟ್ಟಿದ್ದ. ಓಕ್ ಮರದಡಿ ಬಿದ್ದ ಕಾಯಿ ತಿಂದು ಮುಗಿದ ಮೇಲೆ ಅವು ಕಡಲ ದಾರಿ ಹಿಡಿದವು. ನೀರು ಇಳಿಯುವುದನ್ನೇ ಕಾಯುತ್ತಿದ್ದು, ದೊಡ್ಡಮ್ಮ ಬರುವಷ್ಟರಲ್ಲಿ ದಿಬ್ಬವನ್ನು ಮೂತಿಯಿಂದ ಉತ್ತು ಚಿಪ್ಪು ತಿಂದು ಹಾಕಿರುತ್ತಿದ್ದವು.

ತುಪ್ಪಳದ ವ್ಯಾಪಾರಕ್ಕೆಂದು ಎಫ್ರಾಯಿಂ ನಮ್ಮ ಮಾತು ಕಲಿತಿದ್ದ. ದೊಡ್ಡಮ್ಮ ಅವನ ಬಾಗಿಲಿಗೇ ಹೋದಳು.

"ನಿನ್ ಹಂದಿ ಕಟ್ಟಿಹಾಕೋ."

"ನಿನ್ ಜಾಗಕ್ಕೆ ನೀನೇ ಬೇಲಿ ಹಾಕ್ಕೋ. ನಮ್ ಕಾನೂನು ಹಾಗೇ ಇರೋದು."

"ಸಮುದ್ರಕ್ಕೆ ಬೇಲೀನಾ? ತಲೇಲಿ ಏನ್ ತುಂಬ್ಕೊಂಡಿದೀಯೋ?"

"ಬೇಲಿ ಇಲ್ದಿದ್ ಜಾಗ ಯಾರದ್ದೂ ಅಲ್ಲ. ಹೋಗ್ ಹೋಗು."

ಮಾರನೆಯ ಬೆಳಿಗ್ಗೆ ಅವಳು ಅಗೆಯುವ ಕೋಲು ಹಿಡಿದು, ಮಗಳು ಅಸ್ಕಮಾಳನ್ನೂ ನಾಯಿಗಳನ್ನೂ ಕರೆದುಕೊಂಡು ಹೋಗಿ ಹಂದಿಗಳ ಮೇಲೆ ಬಿದ್ದಳು. ಉಳಿದವು ಓಡಿದವು. ಬಸುರಿ ಹಂದಿಯೊಂದು ಮಾತ್ರ ದಿಕ್ಕು ತಪ್ಪಿ ಮೆತ್ತನೆಯ ಕೆಸರಿಗೆ ನುಗ್ಗಿ ಹೊಟ್ಟೆಯವರೆಗೆ ಹೂತುಹೋಯಿತು. ಅದರ ಕಿರುಚಾಟ ಕೇಳಿ ಎಫ್ರಾಯಿಂ ದೋಣಿಯಲ್ಲಿ ಬಂದ. ಅದನ್ನೆಳೆಯಲು ಇಳಿದವನು ತಾನೂ ತೊಡೆಮಟ್ಟ ಸಿಕ್ಕಿಕೊಂಡ. ಹಗ್ಗ ಬಿಗಿಯದ ದೋಣಿ ತೇಲಿಹೋಯಿತು. ಉಬ್ಬರ ಏರತೊಡಗಿತು.

"ಏ ಮುದುಕಿ, ಆ ಕೋಲು ಕೊಡಿಲ್ಲಿ!"

"ನಿನ್ ಕಾಲಿಗೆ ಬೇಲಿ ಹಾಕ್ಕೋಬೇಕಿತ್ತು."

ನೀರು ಎದೆಗೆ ಬಂತು. "ತಾಯೀ, ನಿನ್ ಕಾಲಿಗೆ ಬೀಳ್ತೀನಿ."

"ಬಿದ್ದೇ ಇದೀಯಲ್ಲ."

ಅಸ್ಕಮಾ ಅವಳ ತೋಳು ಹಿಡಿದಳು. "ಅವ್ವಾ, ಸಾಯ್ತಾನೆ."

"ಸಾಯ್ಲಿ."

"ಇವ್ನು ಸತ್ರೆ ನಾಳೆ ಬಂದೂಕು ತಗೊಂಡು ನಮ್ಮೂರಿಗೇ ಬರ್ತಾರೆ."

ದೊಡ್ಡಮ್ಮ ಉಗುಳಿದಳು. ಆಮೇಲೆ ಕೋಲಿನ ತುದಿ ಚಾಚಿದಳು. ತಾಯಿ ಮಗಳು ಸೇರಿ ಅವನನ್ನು ದಡಕ್ಕೆಳೆದರು. ಅವನು ದಡದುದ್ದಕ್ಕೂ ದೋಣಿ ಹುಡುಕುತ್ತಾ ಹೋದ. ಹಂದಿ ಮುಳುಗಿ ಸತ್ತಿತು.

ಮುಂದಿನ ಇಳಿತಕ್ಕೆ ಅದರ ಹೆಣ ನಮ್ಮ ದಡಕ್ಕೇ ಬಂತು. ದೊಡ್ಡಮ್ಮ ಊರಿನವರನ್ನೆಲ್ಲ ಕರೆದು ಸುಟ್ಟು ಬಡಿಸಿದಳು. "ತಿನ್ರಿ, ನನ್ ಚಿಪ್ಪು ತಿಂದೇ ಕೊಬ್ಬಿದ್ದು!"

ಹೊಗೆ ಹೊಳೆಯಾಚೆಗೂ ಹೋಗಿರಬೇಕು. ಎಫ್ರಾಯಿಂ ನೆರೆಯವರೊಂದಿಗೆ ಬಂದು ಹಂದಿಗೆ ಬದಲು ಅವಳ ತಾಮ್ರದ ಹಂಡೆ ಹೊತ್ತುಕೊಂಡು ಹೋದ. ಬೊಗಳಿದ ನಾಯಿಗಳಿಗೆ ಗುಂಡು ಹಾರಿಸಿದ. "ನಿನ್ನ ಎಳೆದು ತಪ್ಪು ಮಾಡ್ದೆ!" ಎಂದು ದೊಡ್ಡಮ್ಮ ಅವನ ಹಿಂದೆಯೇ ನೀರಿನವರೆಗೆ ಕೂಗುತ್ತಾ ಹೋದಳು.

ಹಂದಿಗಳು ಉತ್ತ ಆ ದಿಬ್ಬದಲ್ಲಿ ಮತ್ತೆ ಚಿಪ್ಪು ಬೆಳೆಯಲಿಲ್ಲ. ಚಳಿಗಾಲದಲ್ಲಿ ಅವಳು ಕಾಡಿನಲ್ಲಿ ಗೆಡ್ಡೆಗೆಣಸು ಅಗೆದು ತಿಂದಳು. ಬದುಕಿರುವವರೆಗೂ ಕಂಡ ಹಂದಿಗೆಲ್ಲ ಕಲ್ಲೆಸೆದಳು. ಎಫ್ರಾಯಿಂ ಕಂಡರೆ ಅವನಿಗೂ ಎಸೆದಳು.