ಸೀರಿನ ಮೂರು ದಿನ

ನನ್ನ ಮಗಳಿಗೆ ಕಿಡ್ನಿ ಕೊಟ್ಟವನು ನನ್ನ ತಮ್ಮ. ನಮ್ಮ ಜನರಲ್ಲಿ ಸೋದರಮಾವ ತರುವ ಉಡುಗೊರೆಗೆ ಸೀರು ಅನ್ನುತ್ತಾರೆ. ಕಿವಿ ಚುಚ್ಚುವಾಗ ಓಲೆ, ದೊಡ್ಡವಳಾದಾಗ ಸೀರೆ. ಇವನು ಕಿಡ್ನಿಯನ್ನೇ ಕೊಟ್ಟ. ನಮ್ಮೂರು ಹನುಮಂತನಪಟ್ಟಿಯ ನೆಂಟರೆಲ್ಲ ಅದನ್ನೂ ಸೀರು ಅಂತಲೇ ಕರೆದರು.

ಮಗಳ ಕಿಡ್ನಿ ಕೆಡಿಸಿದ ರೋಗ ಹೊಸ ಕಿಡ್ನಿಗೂ ಬರಬಹುದೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಯಾವ ಮಗುವಿಗೆ ಬರುತ್ತದೆಂದು ಹೇಳುವ ಪರೀಕ್ಷೆ ಇನ್ನೂ ಇಲ್ಲವಂತೆ. ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ತೆಪ್ಪಗಿದೆ ಎಂದು ಮಕ್ಕಳ ಕಿಡ್ನಿಯ ಚೂರುಗಳಲ್ಲಿ ಹುಡುಕುತ್ತಿದ್ದರು. ನನ್ನ ಸಹಿ ಪಡೆದು ಮಗಳದ್ದೂ ಒಂದು ಚೂರು ತೆಗೆದಿಟ್ಟುಕೊಂಡರು. ಅದು ಗೊತ್ತಾಗುವವರೆಗೆ ಪರೀಕ್ಷೆಯ ಕಡ್ಡಿಯೇ ಗತಿ: ದಿನಾ ಬೆಳಿಗ್ಗೆ ಮೂತ್ರದಲ್ಲಿ ಅದ್ದಬೇಕು, ಹಳದಿ ಇದ್ದರೆ ಸರಿ, ಹಸಿರಾದರೆ ಅವತ್ತೇ ಓಡಿ ಬರಬೇಕು.

ಆಪರೇಷನ್ ಮುಗಿದು ಮನೆಗೆ ಬಂದ ಕೆಲವು ವಾರಗಳಲ್ಲಿ, ತಮ್ಮನಿಗೆ ಮರ್ಯಾದೆ ಮಾಡಲು ಮನೆ ಮುಂದೆ ಪಂದಲ್ ಚಪ್ಪರ ಹಾಕಿಸಿ ಮೂರು ದಿನದ ವಿಶೇಷ ಇಟ್ಟುಕೊಂಡೆವು. ಮೊದಲ ಬೆಳಿಗ್ಗೆಯೇ ಕಡ್ಡಿ ಹಸಿರಾಯಿತು. ಅತ್ತೆಗೆ ತೋರಿಸಿದೆ.

"ಸುಮ್ನಿರು ತಾಯಿ. ಸೀರು ಕೊಟ್ಟೋನು ಪಂದಲ್‌ನಾಗೆ ಕೂತವ್ನೆ. ಸೀರಿಗೆ ಕುಂದು ಹೇಳ್ತಾರಾ ಯಾರಾದ್ರೂ? ಜನ ಹೋಗ್ಲಿ."

ನಾನು ಸುಮ್ಮನಾದೆ. ಅತ್ತೆಯನ್ನು ಬೈದು ಏನು ಬಂತು? ಓದಿದವಳು ನಾನು, ಸಹಿ ಹಾಕಿದವಳೂ ನಾನೇ. ಮೂರು ಬೆಳಗಿನ ಮೂರು ಹಸಿರು ಕಡ್ಡಿಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ನೆಂಟರಿಗೆ ಪಾಯಸ ಬಡಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಲ್ಕನೇ ದಿನ ಆಸ್ಪತ್ರೆ ಸೇರುವಷ್ಟರಲ್ಲಿ ಮಗಳ ಮುಖ ಬಾತುಹೋಗಿತ್ತು. ರಕ್ತ ಶೋಧಿಸುವ ಚಿಕಿತ್ಸೆ ಎಷ್ಟೋ ಸಲ ಕೊಟ್ಟರು. ಕಿಡ್ನಿ ಉಳಿಯಲಿಲ್ಲ.

"ಮೊದಲ ದಿನವೇ ಬಂದಿದ್ದರೆ?" ಎಂದು ಕೇಳಿದೆ. ಹೇಳಲಾಗದು ಎಂದರು ಡಾಕ್ಟರಮ್ಮ. ಉಗಿದಿದ್ದರೆ ಚೆನ್ನಾಗಿತ್ತು.

ತನ್ನ ಕಿಡ್ನಿಯಲ್ಲೇ ಏನೋ ದೋಷವಿತ್ತೆಂದು ತಮ್ಮ ಇವತ್ತಿಗೂ ಕೊರಗುತ್ತಾನೆ. ಕಡ್ಡಿಯ ವಿಷಯ ಅವನಿಗೆ ಗೊತ್ತಿಲ್ಲ. ನಾನು ಬಾಯಿ ಬಿಟ್ಟಿಲ್ಲ.

ಈಗ ವಾರಕ್ಕೆರಡು ಸಲ ದಿಂಡಿಗಲ್‌ಗೆ ಡಯಾಲಿಸಿಸ್. ಮೊನ್ನೆ ಬತ್ತಲಗುಂಡಿನಲ್ಲಿ ಬಸ್ಸು ನಿಂತಿದ್ದಾಗ, ಅವತ್ತು ಎತ್ತಿಟ್ಟುಕೊಂಡ ಚೂರಿನಿಂದ ಏನಾದರೂ ತಿಳಿಯಿತಾ ಎಂದು ಮಗಳು ಕೇಳಿದಳು.

"ಇನ್ನೂ ಹುಡುಕ್ತಾವ್ರೆ, ನನ್ ಕಣ್ಣೇ," ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಕಡ್ಡಿ ಹಸ್ರಾಗಿದ್ದು ನಾನೂ ನೋಡ್ದೆ ಅವ್ವಾ. ಮಾಮಂಗೆ ನೋವಾಗ್ತದೆ ಅಂತ ನಾನೂ ಸುಮ್ನಿದ್ದೆ."

ಕಡ್ಡಿ ಹಸಿರಾದಾಗ ಅವಳಿಗೆ ಒಂಬತ್ತು ವರ್ಷ.