ಬೀಳುವವಳಿಗೆ ಮೊದಲೇ ಹೇಳಬೇಕು

ಕುಸ್ತಿಯ ಗಂಧಗಾಳಿಯೂ ಇಲ್ಲದವಳು ನಾನು. ಮೈಸೂರಿನವಳಾಗಿ ಹೀಗೆ ಹೇಳಿಕೊಳ್ಳುವುದು ಮರ್ಯಾದೆಯಲ್ಲ. ದಸರೆಯಲ್ಲಿ ಊರೆಲ್ಲ ಕುಸ್ತಿ ನೋಡಲು ಹೋದರೆ ನಾನು ವಸ್ತುಪ್ರದರ್ಶನದಲ್ಲಿ ಅಗಲದ ಹಪ್ಪಳ ತಿನ್ನುತ್ತ ನಿಂತಿರುತ್ತಿದ್ದೆ. ಅಂಥವಳು ಒಂದು ಭಾನುವಾರ ಮಧ್ಯಾಹ್ನ ನ್ಯೂಆರ್ಕ್‌ನ ಅರೀನಾದಲ್ಲಿ ಕೂತು, ಅಮೆರಿಕದ ಒಂದು ಕುಸ್ತಿ ಕಂಪನಿಯ ಹೆಂಗಸರೂ ಜಪಾನಿನ ಒಂದು ಕಂಪನಿಯ ಹೆಂಗಸರೂ ಜುಟ್ಟು ಹಿಡಿದು ಬಡಿದಾಡುವುದನ್ನು ನೋಡಿ ಗಂಟಲು ಹರಿಯುವಂತೆ ಕೂಗಿದೆ. ಅದಕ್ಕೆ ಅಕ್ಕ ಕಾರಣ. ಆಮೇಲೆ ನಡೆದದ್ದಕ್ಕೂ ಅವಳೇ ಕಾರಣ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಇಲ್ಲಿ ಅಮೆರಿಕದಲ್ಲಿ ನಾವಿರುವ ಫೋರ್ಟ್ ಲೀ ಊರಿನಲ್ಲಿ, ನಮ್ಮದೇ ಬಿಲ್ಡಿಂಗಿನಲ್ಲಿ, ನಮಗಿಂತ ಮೇಲಿನ ಮಹಡಿಯಲ್ಲಿರುವ ಧಾರವಾಡದವಳು. ಮೊದಲು ಸಿಕ್ಕಿದ್ದು ಕೆಳಗಿನ ಲಾಂಡ್ರಿ ರೂಮಿನಲ್ಲಿ. ಡ್ರೈಯರಿಗೆ ಹಾಕಿದ್ದ ಸೀರೆಯ ಫಾಲ್ ಕಿತ್ತು ಬಂದಿತ್ತು, ನಾನು ಆ ಮಿಷನ್ನಿಗೆ ಕನ್ನಡದಲ್ಲಿ ಶಾಪ ಹಾಕುತ್ತಿದ್ದೆ. "ಇನ್ನಾ ಜೋರಾಗಿ ಬೈ ತಂಗಿ, ಅದಕ್ಕ ಮೈಸೂರು ಬೈಗುಳ ತಿಳಿಯೂದಿಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ತಿರುಗಿ ನೋಡಿದರೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಗುತ್ತ ನಿಂತ ಹೆಂಗಸು. ಅವತ್ತಿನಿಂದ ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಆ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದಲ್ಲಿ ಇಬ್ಬರೂ ಸೇರಿ ಒಂದು ಪ್ರಹಸನ ಮಾಡಿದೆವು. ಮದುವೆಮನೆಯ ಅಡುಗೆಕೋಣೆಯಲ್ಲಿ ಜಗಳಕ್ಕೆ ಬೀಳುವ ಇಬ್ಬರು ಬೀಗಿತ್ತಿಯರು, ಒಬ್ಬಳು ಮೈಸೂರಿನವಳು, ಒಬ್ಬಳು ಧಾರವಾಡದವಳು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿ ಶುರುವಾದದ್ದು ವಂಶ ಜಾಲಾಡುವವರೆಗೆ ಹೋಗುತ್ತಿತ್ತು. ಜನಕ್ಕೆ ಹಿಡಿಸಿಬಿಟ್ಟಿತು. ಪ್ರತಿ ವರ್ಷ ಅದೇ ಬೀಗಿತ್ತಿಯರು, ಹೊಸ ಜಗಳ. ಬರೆಯುವವಳು ನಾನು. ಚಪ್ಪಾಳೆ ಗಿಟ್ಟಿಸುವ ಮಾತು ಅಕ್ಕನದು. ಅದನ್ನು ಕೇಳಿ ಬಾಯಿ ಬಿಟ್ಟುಕೊಂಡು ನಿಲ್ಲುವುದು ನನ್ನ ಕೆಲಸ. ನಾನು ಎಷ್ಟು ಚೆನ್ನಾಗಿ ಬಾಯಿ ಬಿಡುತ್ತಿದ್ದೆನೋ ಅವಳಿಗೆ ಅಷ್ಟು ನಗು ಬೀಳುತ್ತಿತ್ತು.

ಇದನ್ನು ಓದಿ ಇಷ್ಟೇನಾ ಎಂದು ನಗುವವರು ನಗಲಿ. ವಾರವೆಲ್ಲ ಜರ್ಸಿ ಸಿಟಿಯ ಆಫೀಸಿನಲ್ಲಿ ಬೇರೆಯವರ ಇನ್ಶೂರೆನ್ಸ್ ಕ್ಲೇಮು ನೋಡುವವಳು ನಾನು. ಮನೆಗೆ ಬಂದರೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಗಂಡ ಉತ್ತರವನ್ನೇ ಕೊಡುವುದಿಲ್ಲ. ವರ್ಷಕ್ಕೊಮ್ಮೆ, ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂನ ಆ ಅರ್ಧ ಗಂಟೆಯಲ್ಲಿ ಮಾತ್ರ ನನ್ನ ಮಾತನ್ನು ಜನ ಕಾದು ಕೇಳುತ್ತಿದ್ದರು. ಅದು ಹೋದರೆ ನನ್ನದು ಅಂತ ಏನೂ ಉಳಿಯುವುದಿಲ್ಲ. ಇದು ಅಕ್ಕನಿಗೆ ಗೊತ್ತಿತ್ತು, ನಾನೇ ಹೇಳಿದ್ದೆ.

ಅಕ್ಕನಿಗೆ ರೆಸ್ಲಿಂಗ್ ಹುಚ್ಚು. ಊರಲ್ಲಿ ಅವಳ ಅಣ್ಣಂದಿರು ಗರಡಿಮನೆಗೆ ಹೋಗುತ್ತಿದ್ದರಂತೆ. ಹೆಣ್ಣುಮಕ್ಕಳು ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಆ ಸಿಟ್ಟನ್ನು ಅವಳು ಟೀವಿಯ ಮುಂದೆ ತೀರಿಸಿಕೊಂಡಳು. ಇಲ್ಲಿಗೆ ಬಂದ ಮೇಲೆ ಜಪಾನಿನ ಹೆಂಗಸರ ರೆಸ್ಲಿಂಗ್ ಅವಳ ಕಣ್ಣಿಗೆ ಬಿತ್ತು, ಆಮೇಲೆ ಕೇಳುವುದೇ ಬೇಡ. ಅಡುಗೆ ಮಾಡುತ್ತಲೂ ಫೋನನ್ನು ಡಬ್ಬಿಗೆ ಒರಗಿಸಿಟ್ಟು ನೋಡುತ್ತಿದ್ದಳು.

"ಎಲ್ಲಾ ಮೊದ್ಲೇ ಬರ್ದಿಟ್ಟಿರೋ ನಾಟಕ ತಾನೆ ಅಕ್ಕ, ಇದನ್ನೇನ್ ನೋಡ್ತೀಯ?" ಎಂದು ನಾನು ರೇಗಿಸುತ್ತಿದ್ದೆ.

"ನಾಟಕನ. ಆದ್ರ ಬೀಳೂದು ಖರೇ ಅಲ್ಲೇನು? ನೋಡಿಲ್ಲಿ, ಹೊಡಿಯಾಕಿ ದೊಡ್ಡಾಕಿ ಅಲ್ಲ, ಬೀಳಾಕಿ ದೊಡ್ಡಾಕಿ. ಅಕಿ ಛಲೋ ಬಿದ್ರನ ಇಕಿ ಛಲೋ ಕಾಣ್ತಾಳ. ಅದಕ್ಕ ಬೀಳಾಕಿಗೆ ಹೇಳದ ಯಾರೂ ಎತ್ತಿ ಒಗಿಯೂದಿಲ್ಲ. ಕೈ ಒತ್ತತಾರ. ಅಕಿ ತಿರುಗಿ ಒತ್ತಿದ್ರ, ಹೂಂ, ನಾ ತಯಾರದೀನಿ ಅಂತ ಅರ್ಥ. ಒತ್ತಲಿಲ್ಲ ಅಂದ್ರ ಅಲ್ಲೇ ನಿಂದರಸ್ತಾರ."

ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಾವೂ ಸ್ಟೇಜಿನ ಮೇಲೆ ಅದನ್ನೇ ಶುರು ಮಾಡಿದೆವು. ಬರೆದದ್ದನ್ನು ಬಿಟ್ಟು ಬೇರೆ ಏನಾದರೂ ಹೇಳುವುದಿದ್ದರೆ ಅಕ್ಕ ಜಗಳದ ನೆಪದಲ್ಲಿ ನನ್ನ ಕೈ ಹಿಡಿದು ಒತ್ತುತ್ತಿದ್ದಳು, ನಾನು ತಿರುಗಿ ಒತ್ತಿ ತಯಾರಾಗುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ.

ಕಳೆದ ವರ್ಷ ನಮ್ಮ ಕೂಟ ಒಡೆದು ಎರಡಾಯಿತು. ಯಾರು ಅಧ್ಯಕ್ಷರಾಗಬೇಕೆಂಬ ಜಗಳ, ಅದರಲ್ಲಿ ಹೊಸದೇನೂ ಇಲ್ಲ. ನನ್ನ ಗಂಡ ಹಳೆಯ ಕೂಟದ ಕಮಿಟಿಯಲ್ಲಿ ಉಳಿದರು. ಮುನಿಸಿಕೊಂಡವರು ಎಡಿಸನ್ ಕಡೆ ಹೊಸ ಕೂಟ ಕಟ್ಟಿಕೊಂಡರು. ಅಕ್ಕ, "ನಮಗ್ಯಾಕಬೇಕ ತಂಗಿ, ನಾವು ಬೀಗಿತ್ತೇರು ಜಗಳ ಆಡ್ಕೋತ ಇರೂಣು" ಎಂದಿದ್ದಳು. ಬೇಸಿಗೆಯಲ್ಲಿ ನಾನು ಆ ವರ್ಷದ ಜಗಳವನ್ನು ಬರೆದು ಅವಳಿಗೆ ಕೊಟ್ಟೆ. ಅಷ್ಟು ಚೆನ್ನಾಗಿ ನಾನು ಮೊದಲು ಬರೆದಿರಲಿಲ್ಲ. ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪ್ರಾಕ್ಟೀಸ್ ಯಾವಾಗ ಎಂದರೆ ಮಾತ್ರ ಮಂಡಿನೋವು, ನೆಂಟರು ಬಂದಿದ್ದಾರೆ, ಮುಂದಿನ ವಾರ ನೋಡೋಣು ಎನ್ನುತ್ತಿದ್ದಳು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಪೆದ್ದಿ ನಾನು.

ಹಾಗಿರುವಾಗ ಅವಳೇ ಟಿಕೆಟ್ ತಂದು ಕೈಗಿಟ್ಟಳು. ಅಮೆರಿಕ ಮತ್ತು ಜಪಾನ್ ಕಂಪನಿಗಳು ಎದುರುಬದುರಾಗುವ ಆಟ, ಅವಳ ಮೆಚ್ಚಿನ ಜಪಾನಿ ಜೋಡಿಯೂ ಬರುತ್ತಿತ್ತು. ಒಬ್ಬಳು ಎತ್ತರದವಳು, ಒಬ್ಬಳು ಕುಳ್ಳಿ, ಬಹಳ ವರ್ಷ ಒಟ್ಟಿಗೆ ಆಡಿದವರು. "ನೀ ಬರಲಿಕ್ಕ ಬೇಕು" ಎಂದಳು. ಮಂಡಿನೋವು ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ.

ಜೋಡಿ ಆಟದ ನಿಯಮವನ್ನು ಕಾರಿನಲ್ಲೇ ವಿವರಿಸಿದಳು. ರಿಂಗಿನ ಒಳಗೆ ಒಬ್ಬಳು ಆಡುವಾಗ ಜೊತೆಗಾತಿ ಹಗ್ಗದಾಚೆ ಮೂಲೆಯಲ್ಲಿ ನಿಂತಿರಬೇಕು. ಒಳಗಿನವಳು ಬಂದು ಕೈ ಮುಟ್ಟಿದರೆ ಮಾತ್ರ ಇವಳು ಒಳಗೆ ಬರಬಹುದು. ನನಗೆ ಅಷ್ಟು ಸಾಕಾಗಿತ್ತು.

ಅಮೆರಿಕದ ಇಬ್ಬರು ಕುಳ್ಳಿಯನ್ನು ಹಿಡಿದುಹಾಕಿ ಸರಿಯಾಗಿ ಬಾರಿಸಿದರು. ನಾಟಕ ಎಂದು ಗೊತ್ತಿದ್ದೂ ನಾನು ಸೀಟಿನ ತುದಿಗೆ ಸರಿದೆ. ಕೊನೆಗೆ ಅವಳು ಹೇಗೋ ಬಿಡಿಸಿಕೊಂಡು ಮೂಲೆಯ ಕಡೆ ತೆವಳತೊಡಗಿದಳು. ಅಲ್ಲಿ ಎತ್ತರದವಳು ಹಗ್ಗದ ಮೇಲಿಂದ ಬಾಗಿ ಕೈ ಚಾಚಿದ್ದಳು, ಬಾ, ಬಾ ಎಂದು ಬಡಿದುಕೊಳ್ಳುತ್ತಿದ್ದಳು. ಅರೀನಾ ಪೂರ್ತಿ ಎದ್ದು ನಿಂತಿತ್ತು, ನಾನೂ ನಿಂತಿದ್ದೆ. ಕುಳ್ಳಿಯ ಬೆರಳು ಇನ್ನೇನು ತಾಗಬೇಕು, ಎತ್ತರದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮೆಲ್ಲಗೆ ಮೂಲೆ ಬಿಟ್ಟು ನೆಲಕ್ಕೆ ಇಳಿದಳು. ಮೈಮೇಲಿನ ಜಾಕೆಟ್ ಬಿಚ್ಚಿದರೆ ಒಳಗೆ ಅಮೆರಿಕದ ಕಂಪನಿಯ ಅಂಗಿ.

"ಥೂ ನಿನ್ ಮನೆ ಹಾಳಾಗ! ಹೀಗ್ ಮಾಡ್ಬಿಟ್ಯಲ್ಲೇ ಪಾಪಿ!" ಎಂದು ನಾನು ಕಿರುಚಿದೆ. ಪಕ್ಕದ ಸೀಟಿನವನು ಕನ್ನಡ ಬಾರದಿದ್ದರೂ ಹೌದು ಹೌದು ಎನ್ನುವಂತೆ ತಲೆಯಾಡಿಸಿದ.

ಅಕ್ಕ ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. ಅವಳ ಮೆಚ್ಚಿನವರು ಹೀಗಾದರಲ್ಲ ಎಂಬ ಸಂಕಟವಿರಬೇಕು ಎಂದುಕೊಂಡು ನಾನೂ ತಿರುಗಿ ಒತ್ತಿದೆ.

ಕುಳ್ಳಿ ಚಿತ್ತಾಗಿ ಬಿದ್ದು ಆಟ ಮುಗಿಯಿತು. ನನಗೆ ಅಳು ಬಂದಿತ್ತು. ಅಕ್ಕ ಕರ್ಚೀಫು ಕೊಟ್ಟು, "ಹುಚ್ಚಿ, ಯಾಕ ಅಳ್ತಿ? ಆ ಕುಳ್ಳಿಗೆ ಮೊದಲ ಗೊತ್ತಿರ್ತದ. ಕೇಳೇ ಬೀಳಿಸಿರ್ತಾರ. ಈಗ ಒಳಗ ಹೋಗಿ ಇಬ್ಬರೂ ಅಪ್ಕೊಂಡಿರ್ತಾರ" ಎಂದಳು. ಆಮೇಲೆ ತನ್ನಷ್ಟಕ್ಕೆ, "ಆ ಉದ್ದನಾಕೀದರ ಏನ್ ತಪ್ಪು. ಎಷ್ಟ್ ದಿನ ಮೂಲ್ಯಾಗ ನಿಂತಿರಬೇಕ ಒಬ್ಬಾಕಿ" ಎಂದಳು. ರಿಂಗಿನ ವಿಚಾರ ಎಂದುಕೊಂಡೆ.

ಅಲ್ಲಿಂದ ಎಡಿಸನ್ ಪಕ್ಕದ ಐಸೆಲಿನ್‌ಗೆ ಹೋದೆವು, ಅಲ್ಲಿ ಬೀದಿಯುದ್ದಕ್ಕೂ ನಮ್ಮವರ ಅಂಗಡಿ, ಹೋಟೆಲು. ಆ ಕಡೆ ಹೋದಾಗ ದೋಸೆ ತಿಂದು ವಾರದ ಸಾಮಾನು ತರುವುದು ನಮ್ಮ ರೂಢಿ. ಅಂಗಡಿಯಲ್ಲಿ ಅಕ್ಕ ಜೋಳದ ಹಿಟ್ಟು ಹುಡುಕುತ್ತ ಆ ತುದಿಗೆ ಹೋದಳು, ನಾನು ಈ ತುದಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ಹಳೆಯ ಕೂಟದಲ್ಲಿದ್ದು ಈಗ ಹೊಸ ಕೂಟಕ್ಕೆ ಹೋದ ಒಬ್ಬ ಆಂಟಿ ಎದುರಾದರು. ಒಳ್ಳೆಯ ಹೆಂಗಸು, ಕೈ ಹಿಡಿದುಕೊಂಡರು.

"ನಿಮ್ ಮನಸ್ಸು ದೊಡ್ದು ಕಣಮ್ಮ. ನಂಗಂತೂ ನಂಬೋಕೇ ಆಗ್ಲಿಲ್ಲ. ಬೀಗಿತ್ತೀರ ರಿಹರ್ಸಲ್ ಎಲ್ಲ ನಮ್ಮನೆ ಬೇಸ್‌ಮೆಂಟಲ್ಲೇ ನಡೀತಿರೋದು. ಆ ಹುಡುಗಿ ನಿಮ್ ಪಾರ್ಟ್ ಎಷ್ಟ್ ಚೆನ್ನಾಗ್ ಮಾಡ್ತಾಳೆ ಗೊತ್ತಾ? ಹೊಸ ಸ್ಕ್ರಿಪ್ಟೂ ನೀವೇ ಬರ್ದು ಬಿಟ್ಕೊಟ್ರಂತಲ್ಲ. ಯಾರ್ ಮಾಡ್ತಾರೆ ಈ ಕಾಲ್ದಲ್ಲಿ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಭ್ಯಾಸವಾಗಿತ್ತಲ್ಲ, ಚೆನ್ನಾಗಿಯೇ ಬಿಟ್ಟಿರಬೇಕು. "ಅಯ್ಯೋ, ಅದರಲ್ಲೇನಿದೆ ಆಂಟಿ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು. ಹಿಟ್ಟಿನ ಚೀಲ ಹಿಡಿದು ಬರುತ್ತಿದ್ದ ಅಕ್ಕ ನಮ್ಮಿಬ್ಬರನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

ಅಕ್ಕ ಕಾರನ್ನು ಟರ್ನ್‌ಪೈಕ್ ಹೆದ್ದಾರಿಗೆ ಸೇರಿಸಿದಳು.

"ಎಷ್ಟು ದಿನದಿಂದ ನಡೀತಿದೆ?" ಎಂದು ಕೇಳಿದೆ.

"ಬ್ಯಾಸಿಗಿ ಮುಗದಾಗಿಂದ." ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅವರು ನನ್ನ ಕರದ್ರು. ನಿನ್ನ ಗಂಡ ಆ ಕಮಿಟಿಯೊಳಗ ಅದಾರ, ನಿನ್ನ ಕರಿಯಾಕ ಬರೂದಿಲ್ಲ ಅಂದ್ರು. ದೊಡ್ಡ ಹಾಲ್ ತಂಗಿ, ಖರೇ ಲೈಟು, ಖರೇ ಪರದೆ. ನಂಗೂ ವಯಸ್ಸಾಗಾಕತ್ತದ."

"ಆ ಮಾತುಗಳು ನನ್ನವು ಅಕ್ಕ. ನಾನು ಬರೆದಿದ್ದು."

"ನಾನೂ ಸೇರಿಸೀನಲ್ಲ ಅದ್ರಾಗ."

"ನಾನೇ ಬಿಟ್ಕೊಟ್ಟೆ ಅಂತ ಬೇರೆ ಹೇಳಿದೀಯ."

"ಹಂಗ ಹೇಳದ ಇದ್ರ ಅವರು ಒಪ್ಪತಿರಲಿಲ್ಲ. ಇವತ್ತು ನಿಂಗ ಹೇಳಬೇಕಂತನ ಕರ್ಕೊಂಡು ಹೋಗಿದ್ದೆ. ಹೋಗೂ ಮುಂದ ಹೇಳಬೇಕಂತ ಮಾಡಿದೆ, ನೀ ಭಾಳ ಖುಷೀಲೆ ಇದ್ದಿ. ಆಮ್ಯಾಲ ಅಕಿ ಕೈ ತಗದ್ಲಲ್ಲ, ಆವಾಗ ನಾ ಕೈ ಒತ್ತಿದೆ. ನೀನೂ ಒತ್ತಿದಿ. ನಿಂಗ ಗೊತ್ತಾತು, ನೀ ಒಪ್ಪಿದಿ ಅಂತ ತಿಳಕೊಂಡೆ."

ಎಂಥ ಮಾತು! ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನು ಒಂದು ಸಲ ಕೈ ಒತ್ತಿ ಹೇಳಿಬಿಟ್ಟಳಂತೆ, ನಾನು ಒಪ್ಪಿಬಿಟ್ಟೆನಂತೆ. ಸುಳ್ಳು ಹೇಳುತ್ತಿದ್ದಾಳೆ ಎಂದು ಬೈದುಬಿಡಬಹುದಿತ್ತು. ಆದರೆ ಅವಳ ಮುಖ ನನಗೆ ಗೊತ್ತು, ಅವಳು ಅದನ್ನು ನಂಬಿದ್ದಳು, ಇಲ್ಲವೇ ನಂಬಬೇಕೆಂದು ಒದ್ದಾಡುತ್ತಿದ್ದಳು. ನಾನು ಒತ್ತಿದ್ದಂತೂ ನಿಜ. ಅವಳ ಸಂಕಟಕ್ಕೆ ಎಂದು ಒತ್ತಿದ್ದೆ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಬಿಲ್ಡಿಂಗಿನ ಲಿಫ್ಟಿನಲ್ಲಿ ಅಕ್ಕ ಎಂದಿನಂತೆ ಎರಡೂ ಮಹಡಿಯ ಬಟನ್ ಒತ್ತಿದಳು. ನನ್ನ ಮಹಡಿ ಬಂದಾಗ ಬಾಗಿಲು ಮುಚ್ಚದಂತೆ ಒಂದು ಕೈ ಅಡ್ಡ ಇಟ್ಟು, ಇನ್ನೊಂದನ್ನು ನನ್ನ ಕಡೆ ಚಾಚಿದಳು. "ತಂಗಿ" ಎಂದಳು.

"ಆ ಕುಳ್ಳಿಗೆ ಮೊದಲೇ ಗೊತ್ತಿತ್ತು ಅಕ್ಕ" ಎಂದೆ. "ನೀನೇ ಹೇಳಿದೆ. ಅವಳನ್ನ ಕೇಳಿಯೇ ಬೀಳ್ಸಿದ್ರು."

ಚಾಚಿದ ಕೈಯನ್ನು ಮುಟ್ಟದೆ ಇಳಿದೆ. ಒಂದು ಕಟ್ಟು ಕರಿಬೇವನ್ನು ನಾವು ಯಾವಾಗಲೂ ಅರ್ಧರ್ಧ ಮಾಡಿಕೊಳ್ಳುತ್ತಿದ್ದೆವು. ಅವತ್ತು ಇಡೀ ಕಟ್ಟು ನನ್ನ ಚೀಲದಲ್ಲೇ ಉಳಿಯಿತು, ವಾರದೊಳಗೆ ಒಣಗಿತು.

ಹೊಸ ಕೂಟದ ರಾಜ್ಯೋತ್ಸವಕ್ಕೆ ನಾನು ಹೋಗಲಿಲ್ಲ. ಜನ ಬಿದ್ದು ಬಿದ್ದು ನಕ್ಕರಂತೆ. ನಗದೆ ಏನು ಮಾಡುತ್ತಾರೆ, ಬರೆದವಳು ನಾನು. ನಮ್ಮ ಹಳೆಯ ಕೂಟದಲ್ಲಿ ಆ ವರ್ಷ ಬೀಗಿತ್ತಿಯರ ಹೊತ್ತಿಗೆ ಮಕ್ಕಳ ಫ್ಯಾನ್ಸಿ ಡ್ರೆಸ್ ಇಟ್ಟಿದ್ದರು. ನಾನು ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ನನ್ನ ಗಂಡನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಎರಡು ಕೂಟಗಳಲ್ಲೂ ಅಕ್ಕನ ಮಾನ ಹರಾಜಾಗುತ್ತಿತ್ತು. ಹೇಳಲಿಲ್ಲ. ಈಗಲೂ ಗುರುತಿನವರು ಸಿಕ್ಕಿ, ಅಷ್ಟು ಒಳ್ಳೆಯ ಸ್ಕ್ರಿಪ್ಟನ್ನು ಬಿಟ್ಟುಕೊಟ್ಟಿರಲ್ಲ ಎಂದು ಹೊಗಳಿದರೆ, ಹೌದು, ನಾನೇ ಕೊಟ್ಟೆ ಎನ್ನುತ್ತೇನೆ. ಅವಳು ಛಲೋ ಕಾಣಲಿ ಎಂದು ಇಷ್ಟು ವರ್ಷ ಬಿದ್ದವಳು ನಾನು, ಈಗಲೂ ಬೀಳುತ್ತಿದ್ದೇನೆ. ಕೇಳಿದ್ದರೆ ನಿಜವಾಗಿಯೂ ಕೊಟ್ಟುಬಿಡುತ್ತಿದ್ದೆ. ಅವಳು ಕೇಳಲಿಲ್ಲ.