ವಾರಂಟಿನ ಗಡುವು

ಗಡಿಯಾರ ರಿಪೇರಿಯವನಿಗೆ ಕಾಯುವುದೆಂದರೆ ನೀರು ಕುಡಿದಷ್ಟು ಸಲೀಸು. ಒಂದು ಹಲ್ಲುಚಕ್ರಕ್ಕಾಗಿ ಎರಡು ವರ್ಷ ಕಾದ ಆಸಾಮಿ. ಗಿರಾಕಿಗಳ ವಿಷಯದಲ್ಲಿ ಮಾತ್ರ ಆ ತಾಳ್ಮೆ ಇರಲಿಲ್ಲ. ‘ರಿಪೇರಿಗೆ ಕೊಟ್ಟದ್ದನ್ನು ಮೂರು ತಿಂಗಳೊಳಗೆ ಒಯ್ಯದಿದ್ದರೆ ಅಂಗಡಿ ಹೊಣೆಯಲ್ಲ’ ಎಂದು ತಾನೇ ಬರೆದು ಗೋಡೆಗೆ ಹೊಡೆದಿದ್ದ.

ಬ್ಯಾಂಕಿನಲ್ಲಿ ಕೆಲಸ ಮಾಡುವ ತಂಗಿ ಅಂಗಡಿಗೆ ಬಂದಾಗ, ಉಳಿತಾಯವನ್ನೆಲ್ಲ ಸುರಿದು ಕೊಂಡ ವಾರಂಟುಗಳ ಕಾಗದವನ್ನು ಹೆಮ್ಮೆಯಿಂದ ತೋರಿಸಿದ.

“ಷೇರಿನ ಹತ್ತನೇ ಒಂದು ಪಾಲು ಬೆಲೆಗೆ ಸಿಕ್ತು ನೋಡು!”

ಅವಳ ಮುಖ ಬಿಳುಪೇರಿತು. “ಅಣ್ಣಾ, ಇದು ಷೇರಲ್ಲ. ಮುಂದೆ ಗೊತ್ತಾದ ಬೆಲೆಗೆ ಷೇರು ಕೊಳ್ಳೋ ಹಕ್ಕು, ಅಷ್ಟೆ. ಷೇರು ಆ ಬೆಲೆ ದಾಟದಿದ್ರೆ ಇದು ಬರೀ ಕಾಗದ.”

“ಇವತ್ತಲ್ಲ ನಾಳೆ ದಾಟತ್ತೆ ಬಿಡೇ. ಕಾಯೋದು ನಂಗೇನು ಹೊಸದಾ?”

“ಷೇರಾಗಿದ್ರೆ ಬೆಲೆ ಬಿದ್ರೂ ಇಟ್ಕೊಂಡು ಕಾಯಬಹುದಿತ್ತು. ಇದಕ್ಕೆ ಗಡುವಿದೆ. ಇನ್ನು ಹದಿನೇಳೇ ದಿನ. ಬೆಲೆ ಅರ್ಧ ದಾರಿಗೂ ಬಂದಿಲ್ಲ.”

ಅವನ ಕೈಯಿಂದ ಚಿಮುಟ ಜಾರಿತು. ಹೆಂಡತಿಗೆ ಯಾವ ಮುಖ ತೋರಿಸುವುದು? ಇಪ್ಪತ್ತು ವರ್ಷ ಜೋಗುಳದಂತಿದ್ದ ಗೋಡೆಗಡಿಯಾರಗಳ ಸದ್ದು ಈಗ ಬೆನ್ನಟ್ಟಿ ಬರುವವರ ಹೆಜ್ಜೆಯಂತೆ ಕೇಳಿತು.

ಅಷ್ಟರಲ್ಲಿ ಮುದುಕಿಯೊಬ್ಬಳು ಚೀಟಿ ಹಿಡಿದು ಬಾಗಿಲಲ್ಲಿ ನಿಂತಳು.

“ನಮ್ಮ ಯಜಮಾನರ ಕೈಗಡಿಯಾರ. ಮೂರು ತಿಂಗಳ ಮೇಲೆ ನಾಲ್ಕು ದಿನ ಆಗೋಯ್ತು. ಅವರು ಹೋಗಿಬಿಟ್ರು, ಅದಕ್ಕೇ ತಡ. ಇದೆ ತಾನೇ ಮಗಾ?”

ಅಭ್ಯಾಸಬಲದಿಂದ ಅವನ ಬೆರಳು ಗೋಡೆಯ ಬರಹದತ್ತ ಎದ್ದಿತು, ಅರ್ಧಕ್ಕೇ ನಿಂತಿತು.

ಆ ಗಡಿಯಾರವನ್ನು ಅವನು ನಿನ್ನೆಯೇ ಮಾರಿದ್ದ.